ಅಜ್ಜನಿಗೆ ಇಸ್ತ್ರಿ ಹಾಕಿದ್ದು

ನಮ್ಮ ಅಜ್ಜನನ್ನು ಟೀ ಶರ್ಟಿನ ಮೇಲೆ ಇಸ್ತ್ರಿ ಹಾಕಿ ಅಂಟಿಸಬೇಕು ಎಂದು ನನ್ನ ಅಣ್ಣನ ಮಗ ರಾವಸಾಬ ಬಂದು ಹೇಳಿದಾಗ ನಾನು ಅಂಗಳದಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದೆ. ಬೇಡಕಿಹಾಳದ ನಮ್ಮ ತವರುಮನೆಯನ್ನು ಕೆಡವಿ ಅವನು ಸ್ಲ್ಯಾಬಿನ ಮನೆ ಕಟ್ಟಿಸಿದ್ದ, ಅದಕ್ಕೆ ಅಜ್ಜನ ಹೆಸರನ್ನೇ ಇಟ್ಟಿದ್ದ. ವಾಸ್ತುಶಾಂತಿಯ ದಿನ ಮನೆತನದ ಗಂಡಸರೆಲ್ಲ ಎದೆಯ ಮೇಲೆ ಅಜ್ಜನ ಚಿತ್ರವಿರುವ ಬಿಳಿ ಟೀ ಶರ್ಟು ತೊಟ್ಟು ಬಾಗಿಲಲ್ಲಿ ನಿಂತು ಬಂದವರನ್ನು ಕರೆಯಬೇಕಂತೆ. ನಿಪ್ಪಾಣಿಯ ಅಂಗಡಿಯವನು ಈಗ ಆಗುವುದಿಲ್ಲ ಅಂದನಂತೆ. ನನ್ನ ಮೊಮ್ಮಗಳು ಪಲ್ಲವಿ ಅಕ್ಕೋಳದ ನಮ್ಮ ಮನೆಯಲ್ಲೇ ಆ ಕೆಲಸ ಮಾಡುತ್ತಾಳೆ. ಕಂಪ್ಯೂಟರಿನಲ್ಲಿ ಚಿತ್ರ ತೆಗೆದು, ಒಂದು ನಮೂನೆಯ ಕಾಗದದ ಮೇಲೆ ಛಾಪಿಸಿ, ಬಟ್ಟೆಯ ಮೇಲೆ ಬೋರಲು ಹಾಕಿ ಇಸ್ತ್ರಿ ಒತ್ತಿದರೆ ಚಿತ್ರ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಹುಟ್ಟುಹಬ್ಬದ ಹುಡುಗರು, ಕಬಡ್ಡಿ ಆಡುವ ಹುಡುಗರು, ಎಲ್ಲರೂ ಅವಳ ಗಿರಾಕಿಗಳೇ. ಅವರಿಗೆ ಮಾಡಲು ಬೇರೆ ಕೆಲಸವಿಲ್ಲ.

"ಅತ್ತಿ, ಅಜ್ಜಾರ ಫೋಟೋ ನಿನ್ನ ಕಡೆ ಐತಲ್ಲ? ಜಗತ್ತಿನ್ಯಾಗ ಅದೊಂದ ಐತಿ ಅಂತ."

"ಐತಿ. ಅಂವನ ಮಾರಿ ಎದಿ ಮ್ಯಾಲ ಹಚಗೊಂಡ ಏನ್ ಮಾಡಾವ್ರಲೇ?"

"ಅಭಿಮಾನ, ಅತ್ತಿ. ಎಂಥಾ ದೊಡ್ಡ ಮನಷ್ಯಾ ಇದ್ದಾ ಅಂವಾ!"

ರಾವಸಾಬ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಸತ್ತವನ ದೊಡ್ಡತನ ಇವನಿಗೆ ಎಲ್ಲಿಂದ ಗೊತ್ತಾಯಿತೋ. ನನಗೆ ಗೊತ್ತು, ನಾನು ಆ ಮನೆಯಲ್ಲಿ ಉಂಡು ಬೆಳೆದವಳು. ಪಡಸಾಲೆ, ನಡುಮನೆ, ಅಡಿಗೆಮನೆ ಒಂದರ ಹಿಂದೆ ಒಂದು ಇದ್ದವು, ಪಕ್ಕದಲ್ಲಿ ದನದ ಮನೆ. ಪಡಸಾಲೆಗೆ ಎರಡು ಕಿಟಕಿ. ನಡುಮನೆಗೆ ಒಂದೂ ಇರಲಿಲ್ಲ, ಅಲ್ಲಿ ತಂಬಾಕಿನ ಗಂಟುಗಳ ಮಗ್ಗುಲಲ್ಲಿ ಹೆಂಗಸರು ಮಕ್ಕಳು ಮಲಗಿ ಬೆಳಗಾಗುವ ತನಕ ಸೀನುತ್ತಿದ್ದೆವು. ಅಡಿಗೆಮನೆಯ ಮಾಳಿಗೆಯಲ್ಲಿ ಅಂಗೈಯಗಲದ ಬೆಳಕಿಂಡಿ ಇತ್ತು, ಹೊಗೆ ಅದರಲ್ಲಿ ಹೋಗಬೇಕು, ಹೋಗುತ್ತಿರಲಿಲ್ಲ. ದನದ ಮನೆಗೆ ಮಾತ್ರ ಗಾಳಿ ಚೆನ್ನಾಗಿತ್ತು. ಎಮ್ಮೆಗೆ ಕಾಯಿಲೆಯಾದರೆ ಅಜ್ಜನಿಗೆ ನಿದ್ದೆ ಬರುತ್ತಿರಲಿಲ್ಲ. ಅವ್ವನಿಗೆ ಕೆಮ್ಮಾದರೆ, ಆ ಕೆಮ್ಮಿನಿಂದ ನಿದ್ದೆ ಬರುತ್ತಿಲ್ಲ ಎಂದು ಬೈಯುತ್ತಿದ್ದ. ಅಪ್ಪ ಇದ್ದ, ಆದರೆ ಇದ್ದೂ ಇಲ್ಲದ ಹಾಗೆ. ಅಜ್ಜ ಪಡಸಾಲೆಯಲ್ಲಿದ್ದರೆ ಅಪ್ಪ ಹೊಲದಲ್ಲಿರುತ್ತಿದ್ದ, ಅಜ್ಜ ಹೊಲಕ್ಕೆ ಬಂದರೆ ಅಪ್ಪನಿಗೆ ಊರಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಊಟದ್ದು ಹೇಳಬೇಕು. ಅಜ್ಜನ ತಾಟಿಗೆ ಜೋಳದ ಭಕ್ಕರಿ ಉಬ್ಬಿಕೊಂಡೇ ಬಂದು ಬೀಳಬೇಕಿತ್ತು. ಹೆಂಚಿನ ಮೇಲೆ ಉಬ್ಬಿದರೆ ಸಾಲದು, ಅವನ ತಾಟಿನಲ್ಲಿಯೂ ಉಬ್ಬಿರಬೇಕು. ಒಲೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಉಬ್ಬು ಇಳಿದರೆ ಬೆರಳಿನಿಂದ ಒಮ್ಮೆ ಕುಟ್ಟಿ ನೋಡಿ ಅಂಗಳಕ್ಕೆ ಎಸೆಯುತ್ತಿದ್ದ. ಅದಕ್ಕೇ ಅವ್ವ ಸುಡುಸುಡು ಭಕ್ಕರಿಯನ್ನು ಅಂಗೈಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ತಲೆಯ ಮೇಲಿನ ಸೆರಗು ಹಿಡಿದುಕೊಂಡು, ಕತ್ತಲೆಯ ನಡುಮನೆ ದಾಟಿ ಓಡಿ ಬರುತ್ತಿದ್ದಳು. ಒಂದು ಭಕ್ಕರಿಗೆ ಒಂದು ಓಟ. ನಾನು ಅವಳ ಹಿಂದೆ ಕಡಲೆಹಿಟ್ಟಿನ ಝುಣಕದ ಬಟ್ಟಲು ಹಿಡಿದು ಓಡುತ್ತಿದ್ದೆ. ಎಲ್ಲ ಗಂಡಸರ ಊಟವಾದ ಮೇಲೆ ಅಂಗಳದಿಂದ ಆಯ್ದು ತಂದ ಭಕ್ಕರಿಯ ಮಣ್ಣು ಒರೆಸಿ, ಹಸಿಮೆಣಸಿನಕಾಯಿ ಕುಟ್ಟಿ ಹಚ್ಚಿಕೊಂಡು ನಾವು ತಿನ್ನುತ್ತಿದ್ದೆವು. ಭಕ್ಕರಿಗೇನೂ ಆಗಿರುತ್ತಿರಲಿಲ್ಲ. ಚೆನ್ನಾಗಿಯೇ ಇರುತ್ತಿದ್ದವು.

ಒಂದು ಮಧ್ಯಾಹ್ನ ಸಾಲಾಗಿ ಭಕ್ಕರಿಗಳು ಅಂಗಳಕ್ಕೆ ಬಿದ್ದವು. ಅವ್ವನಿಗೆ ಸಾಕಾಯಿತು. ಸೆರಗಿನೊಳಗಿನಿಂದಲೇ ಹೇಳಿದಳು:

"ಇಷ್ಟ ತ್ರಾಸ ಯಾಕ್ರಿ ಮಾವಾರ, ನಾಳಿಂದ ಒಲಿನ ಎತ್ತಿ ನಿಮ್ಮ ಮುಂದ ತಂದ ಇಡತೇನಿ. ಹೆಂಚಿನ ಮ್ಯಾಲಿಂದ ನೀವಽ ತಗೊಂಡ ಉಣ್ರಿ."

ಮಾವ ಸೊಸೆಯ ಮೈಮುಟ್ಟಬಾರದು ಎಂಬ ಮರ್ಯಾದೆ ನಮ್ಮಲ್ಲಿತ್ತು. ಅಜ್ಜ ಮರ್ಯಾದಸ್ಥ. ಅದಕ್ಕೇ ಅವ್ವನ ಪಾಲಿನ ಏಟು ಯಾವಾಗಲೂ ಪಕ್ಕದಲ್ಲಿ ನಿಂತ ನನಗೆ ಬೀಳುತ್ತಿತ್ತು. ಎದುರು ನಿಂತವಳಿಗೆ ಬಲಗೈ ಬೀಸಿದರೆ ಎಡಗಿವಿಗೆ ಬೀಳುತ್ತದೆ. ನನಗೆ ಇವತ್ತಿಗೂ ಎಡಗಿವಿ ಮಂದ. ಅವ್ವ ಆಮೇಲೆ ಆ ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟಳು, ಆದರೆ "ಇನ್ನ ಮ್ಯಾಲ ಮಾತಾಡೂದಿಲ್ಲ" ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ನನಗೆ ಅವಳ ಮಾತು ಬೇಕಾಗಿತ್ತು. ಮೂರನೆಯ ಇಯತ್ತೆಗೆ ಶಾಲೆ ಬಿಡಿಸಿದರು, ಅಲ್ಲಿ ಕಲಿತದ್ದು ನೆನಪಿಲ್ಲ. ಕಲಿತದ್ದೆಲ್ಲ ಪಡಸಾಲೆಯ ಹೊಸ್ತಿಲ ಹಿಂದೆ.

ಆ ಮನೆಯಲ್ಲಿ ಇಸ್ತ್ರಿ ಅಂದರೆ ಅಜ್ಜನ ಅಂಗಿ ಮಾತ್ರ. ಪೆಟ್ಟಿಗೆ ಇರಲಿಲ್ಲ. ಅವ್ವ ಹಿತ್ತಾಳೆಯ ತಂಬಿಗೆಯಲ್ಲಿ ಒಲೆಯ ಕೆಂಡ ತುಂಬಿ, ಕಂಠವನ್ನು ಇಕ್ಕಳದಲ್ಲಿ ಹಿಡಿದು, ಅದರ ತಳದಿಂದ ಅಂಗಿ ತಿಕ್ಕುತ್ತಿದ್ದಳು. ಒಂದು ಕಿಡಿ ಸಿಡಿದರೆ ಅಂಗಿಗೆ ತೂತು, ಆ ತೂತು ಮತ್ತೆ ನನ್ನ ಎಡಗಿವಿಗೆ. ಅಪ್ಪನ ಅಂಗಿಯನ್ನು ಮಡಚಿ ತಲೆದಿಂಬಿನ ಕೆಳಗೆ ಇಡುತ್ತಿದ್ದೆವು. ಅಪ್ಪನ ತಲೆಗೆ ಅಷ್ಟಾದರೂ ಕೆಲಸ ಇರಲಿ ಎಂದು ಅವ್ವ ನಗುತ್ತಿದ್ದಳು.

ಇನ್ನು ಫೋಟೋ. ಅಜ್ಜ ಸೊಸೈಟಿಯಲ್ಲಿ ಏನೋ ಆಗಿದ್ದ, ಅಲ್ಲಿಯ ಗೋಡೆಗೆ ತೂಗುಹಾಕಲು ಒಂದು ಫೋಟೋ ಬೇಕಾಯಿತು. ನಿಪ್ಪಾಣಿಯಿಂದ ಫೋಟೋ ತೆಗೆಯುವವನು ಸೈಕಲ್ಲಿನ ಮೇಲೆ ಬಂದ. ಶಾಲೆಯ ಕುರ್ಚಿ ತರಿಸಿ ಅಂಗಳದಲ್ಲಿ ಅಜ್ಜನನ್ನು ಕೂರಿಸಿದರು. ಮನೆಯವರೆಲ್ಲ ನಿಲ್ಲಿರಿ ಎಂದು ಫೋಟೋದವನು ಅಂದದ್ದಕ್ಕೆ ಅಜ್ಜ, ಅವರದು ಯಾಕೆ, ಕಾಗದ ಹಾಳು ಅಂದ. ಅಷ್ಟರಲ್ಲಿ ಫೋಟೋದವನು ಇನ್ನೊಂದು ತಕರಾರು ತೆಗೆದ.

"ಹಿಂದಿನ ಗ್ವಾಡಿಗಿ ಕುಳ್ಳ ಬಡದಾರಲ್ರಿ. ನಿಮ್ಮ ತಲಿ ಸುತ್ತ ಕುಳ್ಳಽ ಬರತಾವ್ರಿ ಫೋಟೋದಾಗ."

ಗೋಡೆಯ ತುಂಬ ಅವ್ವ ಬಡಿದ ಸಗಣಿಯ ಕುಳ್ಳು, ಒಂದೊಂದರ ಮೇಲೂ ಅವಳ ಐದು ಬೆರಳು. ಅದನ್ನು ಮುಚ್ಚಲು ಒಳಗಿನ ಪಟ್ಟೆ ಜಮಖಾನ ತಂದರು. ಒಂದು ತುದಿಯನ್ನು ಬೇವಿನ ಟೊಂಗೆಗೆ ಕಟ್ಟಿದರು. ಇನ್ನೊಂದು ತುದಿ ಕಟ್ಟಲು ಏನೂ ಇರಲಿಲ್ಲ, ಅವ್ವನನ್ನು ಹಿಂದೆ ನಿಲ್ಲಿಸಿದರು. ಅವಳು ಬಟ್ಟೆಯ ಹಿಂದೆ ಮಣೆಯ ಮೇಲೆ ನಿಂತು ಕೈ ಮೇಲೆ ಮಾಡಿ ಅಂಚು ಹಿಡಿದಳು. ನಾನು ಅವಳ ಕಾಲ ಬುಡದಲ್ಲಿ ಮಣೆ ಅಲುಗದಂತೆ ಹಿಡಿದು ಕುಳಿತೆ. ಬಿಸಿಲು ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು, ಬೆವರು ಗದ್ದದಿಂದ ನನ್ನ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಆಚೆ ಬದಿಯಲ್ಲಿ ಫೋಟೋದವನು, ಬಲಗೈ ಎತ್ತಿರಿ, ಆಶೀರ್ವಾದ ಮಾಡಿದಂತೆ ಮಾಡಿರಿ, ಎಂದು ಅಜ್ಜನಿಗೆ ಪಾಠ ಹೇಳುತ್ತಿದ್ದ. ನಾನು ಬಟ್ಟೆಯ ಸಂದಿಯಲ್ಲಿ ನೋಡಿದೆ. ನನ್ನ ಕಿವಿಗೆ ಬೀಳುವ ಕೈ ಸ್ವಾಮಿಗಳ ಕೈಯಂತೆ ಮೇಲೆದ್ದಿತ್ತು. ಅವ್ವ ತುಟಿ ಅಲುಗಿಸದೆ ಮೆಲ್ಲಗೆ ಅಂದಳು:

"ಇಂದಽ ಸಾಯಾಂವೇನ ಇಂವಾ, ಇಷ್ಟ ಚಂದ ಮಾರಿ ಮಾಡ್ಯಾನ?"

ನನಗೆ ನಗೆ ತಡೆಯಲಿಲ್ಲ. ಮಣೆ ಅಲುಗಿತು, ಜಮಖಾನ ಅಲುಗಿತು, "ಯಾರಲೇ ಹಿಂದ!" ಎಂದು ಅಜ್ಜ ಕೂಗಿದ. ಯಾರು ಅಂದರೆ ಏನು ಹೇಳುವುದು. ನನ್ನ ಈ ಬಾಯಿ ಹುಟ್ಟಿದ್ದು ಆ ಬಟ್ಟೆಯ ಹಿಂದೆ.

ಆ ಫೋಟೋದಲ್ಲಿ ಅಜ್ಜನ ತಲೆಯ ಮೇಲೆ, ಒಂದು ಮೂಲೆಯಲ್ಲಿ, ಜಮಖಾನದ ಅಂಚು ಹಿಡಿದ ನಾಲ್ಕು ಬೆರಳು ಬಂದಿವೆ. ನಡುಬೆರಳಿನ ಮೇಲೆ ಹಚ್ಚೆಯ ಚುಕ್ಕೆಯೂ ಕಾಣುತ್ತದೆ. ಅವ್ವನದು ಬೇರೆ ಫೋಟೋ ಇಲ್ಲ. ಊರಿನಲ್ಲಿ ಎಲ್ಲರ ಕೈಗೆ ಫೋಟೋದ ಡಬ್ಬಿ ಬರುವ ಹೊತ್ತಿಗೆ ಅವಳು ಸತ್ತು ಬಹಳ ದಿನವಾಗಿತ್ತು. ಮುಖ ನನಗೇ ಈಗ ಸರಿಯಾಗಿ ನೆನಪಿಲ್ಲ. ಇದನ್ನು ಹೇಳಿಕೊಂಡು ಅಳುವವಳಲ್ಲ ನಾನು, ಇಲ್ಲದ್ದು ಇಲ್ಲ. ಆದರೆ ಬೆರಳು ಇವೆ. ಮನೆ ಕೆಡವುವಾಗ ರಾವಸಾಬ ತೊಲೆ, ಬಾಗಿಲು, ಹಿತ್ತಾಳೆಯ ಹಂಡೆ ಎಲ್ಲ ಎಣಿಸಿ ಇಟ್ಟುಕೊಂಡ. ಕಸದಲ್ಲಿ ಬಿದ್ದಿದ್ದ ಫೋಟೋ ನಾನು ತಂದೆ. ಆಗ ಅವನಿಗೆ ಅಭಿಮಾನ ಇನ್ನೂ ಬಂದಿರಲಿಲ್ಲ.

ಪಲ್ಲವಿ ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದಳು. ನಾನು ಹಿಂದೆ ಕುಳಿತಿದ್ದೆ.

"ಆಯಿ, ಇಲ್ಲಿ ಮ್ಯಾಲ ಏನೋ ಹೊಲಸ ಹತ್ತೇತಿ ನೋಡ. ಒರಸ್ಲಿ?"

"ಹೊಲಸ ಅಲ್ಲ. ನಮ್ಮವ್ವ."

ಹೇಳಿದೆ ಎಲ್ಲ. ಹುಡುಗಿ ಬೆರಳು ಎಣಿಸಿ ನೋಡಿ, ಹಾಗಾದರೆ ಇರಲಿ ಅಂದಳು. ಇರಲಿಲ್ಲ. ಛಾಪಿಸುವ ಮೊದಲು ರಾವಸಾಬನಿಗೆ ಮೊಬೈಲಿನಲ್ಲಿ ತೋರಿಸಿದಾಗ ಅವನ ದನಿ ಅಡಿಗೆಮನೆಯ ತನಕ ಕೇಳಿತು:

"ಅದೇನ ಬೆರಳ? ದೆವ್ವ ನಿಂತಂಗ ಕಾಣತೈತಿ! ಬಂದ ಮಂದಿ ಏನಂದಾರು? ತಗದ ಒಗಿ ಅದನ್ನ, ಹಿಂದ ಏಕದಂ ಬಿಳಿ ಇರಲಿ!"

ಅವಳು ತೆಗೆದಳು. ಗಿರಾಕಿ ಹೇಳಿದಂತೆ ಮಾಡಬೇಕಂತೆ. ಒಂದು ಬೆರಳು ಒತ್ತಿದ್ದಕ್ಕೆ ಜಮಖಾನ ಹೋಯಿತು, ಅವ್ವನ ಬೆರಳು ಹೋದವು, ಅಜ್ಜ ಒಬ್ಬನೇ ಬಿಳಿ ಗಾಳಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತ. ನಾನು ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದೆ. ಅದು ಹುಲ್ಲು ತಿಂದು ಸಗಣಿಯನ್ನಾದರೂ ಕೊಡುತ್ತದೆ.

ಮರುದಿನ ಇಸ್ತ್ರಿಯ ಕೆಲಸ. ಕಾಲಿರುವ ಇಸ್ತ್ರಿ ಮೇಜು ಅಲುಗಾಡುತ್ತದೆ ಎಂದು ಪಲ್ಲವಿ ನೆಲದ ಮೇಲೆ ಗಟ್ಟಿ ಹಲಗೆ ಹಾಕಿ, ಮೇಲೆ ಹಳೆಯ ಧೋತರ ಹಾಸಿದಳು. ಟೀ ಶರ್ಟಿನ ತೇವ ಹೋಗಲೆಂದು ಬರಿದೇ ಒಮ್ಮೆ ಇಸ್ತ್ರಿ ಆಡಿಸಿದಳು. ಇಸ್ತ್ರಿಯಲ್ಲಿ ನೀರು ಹಾಕಬಾರದು, ಆವಿ ಬಂದರೆ ಚಿತ್ರ ಹತ್ತುವುದಿಲ್ಲ. ಛಾಪಿಸಿದ ಕಾಗದವನ್ನು ಅಜ್ಜನ ಸುತ್ತ ಕತ್ತರಿಸಿ, ಮುಖ ಕೆಳಗೆ ಮಾಡಿ ಇಟ್ಟು, ಮೊಣಕಾಲೂರಿ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಒತ್ತಬೇಕು, ಎಳೆಯಬಾರದು. ಎಳೆದರೆ ಮೂಗು ಕಿವಿಗೆ ಹೋಗುತ್ತದೆ. ಆರಿದ ಮೇಲೆ ಮೂಲೆ ಹಿಡಿದು ಕಾಗದ ಸುಲಿದಳು. ಅಜ್ಜ ಬಟ್ಟೆಗೆ ಹತ್ತಿದ್ದ, ಮೀಸೆ ರುಮಾಲು ಸಮೇತ, ಮುಟ್ಟಿದರೆ ರಬ್ಬರಿನ ಹಾಗೆ. ನಾನು ನೋಡಿದೆ. ಮೇಲೆದ್ದ ಕೈ ಎಡಗೈ.

ಬೋರಲು ಹಾಕಿ ಒತ್ತುವುದರಿಂದ ಚಿತ್ರ ತಿರುವುಮುರುವಾಗಿ ಬರುತ್ತದೆ. ಅದಕ್ಕೇ ಛಾಪಿಸುವ ಮೊದಲು ಕಂಪ್ಯೂಟರಿನಲ್ಲಿ ಅದನ್ನು ಎಡಬಲ ತಿರುಗಿಸಿಕೊಳ್ಳಬೇಕು. ಹೆಸರು, ನಂಬರು ಇರುವ ಟೀ ಶರ್ಟುಗಳಿಗೆ ಅವಳು ಮರೆಯುವುದಿಲ್ಲ, ಅಕ್ಷರ ಕಂಡೊಡನೆ ನೆನಪಾಗುತ್ತದೆ. ಇದರಲ್ಲಿ ಅಕ್ಷರವಿಲ್ಲ, ಮುಖ ಮಾತ್ರ. ಮರೆತಳು. ಆ ಕೈಯನ್ನು ಕಿವಿಯಿಂದ ಬಲ್ಲವಳು ನಾನು, ತಕ್ಷಣ ತಿಳಿಯಿತು. ಒಂದು ಮಾತು ಅಂದಿದ್ದರೆ ಒಂದೇ ಟೀ ಶರ್ಟು ಹಾಳಾಗುತ್ತಿತ್ತು. ಅನ್ನಲಿಲ್ಲ. ಚಹಾ ಕುಡಿಯುತ್ತ ಕುಳಿತೆ. ಅವಳು ಒತ್ತುತ್ತ ಹೋದಳು, ಅಜ್ಜಂದಿರು ಒಬ್ಬರ ಪಕ್ಕ ಒಬ್ಬರು ಎಡಗೈ ಎತ್ತಿ ಆಶೀರ್ವಾದ ಮಾಡುತ್ತ ಮಂಚದ ತುಂಬ ಮಲಗಿದರು.

ವಾಸ್ತುಶಾಂತಿಯ ಹಿಂದಿನ ಸಂಜೆ ರಾವಸಾಬ ಹೆಂಡತಿಯನ್ನು ಕರೆದುಕೊಂಡು ಬಂದ. ಒಂದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ. ಕನ್ನಡಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದಲ್ಲ, ಬಲಗೈ ಬಲಗೈಯೇ. ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದ.

"ಹೆಂಗೈತಿ?"

"ಅಯ್ಯ ಶಿವನಽ, ಎಡಗೈ ಎತ್ಯಾರಲ್ರಿ!"

ಅವನು ತಲೆ ಬಗ್ಗಿಸಿ ತನ್ನ ಎದೆಯನ್ನು ತಾನೇ ನೋಡಿಕೊಂಡ. ಮತ್ತೆ ಕನ್ನಡಿ ನೋಡಿದ, ಮತ್ತೆ ಎದೆ ನೋಡಿದ. ಎಡಗೈಯಿಂದ ನೀರು ಕೊಟ್ಟರೂ ಕುಡಿಯದ ಮಂದಿ ನಾವು. ಹೊಸ ಮನೆಯ ಬಾಗಿಲಲ್ಲಿ ಮನೆತನದ ಹಿರಿಯ ಎಡಗೈ ಎತ್ತಿ ಹರಸುವುದೆಂದರೆ ಬಂದವರು ಮೆಟ್ಟಿಲಿನಿಂದಲೇ ಹಿಂದೆ ತಿರುಗಿಯಾರು. ಒಮ್ಮೆ ಹತ್ತಿದ್ದು ಬಿಡಿಸಲು ಬರುವುದಿಲ್ಲ. ಕಾಗದ ಮುಗಿದು ಒಂದೇ ಹಾಳೆ ಉಳಿದಿತ್ತು. ರಾವಸಾಬ ಕೂಗಾಡಿದ, ಪಲ್ಲವಿ ಅತ್ತಳು. ಅವರು ಹೋದ ಮೇಲೆ ನಾನು ಹೇಳಿದೆ:

"ನಾ ಮೊದಲನೇದಕ್ಕಽ ನೋಡಿದ್ನಿ."

"ನೋಡಿ ಸುಮ್ಮ ಕುಂತೇನ, ಆಯಿ? ಯಾಕ?"

"ನೀ ನಮ್ಮವ್ವನ್ನ ಒರಸಿದಿ. ನಾ ಸುಮ್ಮ ಕುಂತ್ನಿ. ಆತಲ್ಲ, ಸರಿ ಹೋತು."

ಹುಡುಗಿ ಸಿಟ್ಟಿನಿಂದ ನನ್ನ ಜೊತೆ ಉಣ್ಣಲಿಲ್ಲ. ನಾನು ಉಂಡೆ.

ವಾಸ್ತುಶಾಂತಿಯಲ್ಲಿ ನಮ್ಮ ಮನೆತನದ ಗಂಡಸರು ಟೀ ಶರ್ಟುಗಳನ್ನು ಒಳಗಿನದು ಹೊರಗೆ ಮಾಡಿ ತೊಟ್ಟುಕೊಂಡು ನಿಂತಿದ್ದರು. ಹೊಲಿಗೆಗಳೆಲ್ಲ ಮೇಲೆ, ಬೆನ್ನಿನ ಮೇಲೆ ಕಂಪನಿಯ ಚೀಟಿ. ಬಿಸಿಲು ಏರಿದಂತೆ ಒಳಗಿನ ರಬ್ಬರಿನ ಅಜ್ಜ ಎದೆಗೆ ಅಂಟಿಕೊಂಡು ಎಲ್ಲರೂ ಪರಪರ ಕೆರೆದುಕೊಳ್ಳುತ್ತಿದ್ದರು. ಬಂದವರು, ಇದೇನು ಹೊಸ ಪದ್ಧತಿ ಎಂದು ಕೇಳಿದರೆ ರಾವಸಾಬ, ಹೌದು, ಮನೆತನದ ಪದ್ಧತಿ ಅಂದ. ಒಬ್ಬಿಬ್ಬರು ಭಕ್ತಿಯಿಂದ ತಲೆಯಾಡಿಸಿದರು. ದೊಡ್ಡ ಮನುಷ್ಯರು ಹೀಗೆಯೇ ಆಗುತ್ತಾರೆ ಎಂದು ನನಗೆ ಅವತ್ತು ತಿಳಿಯಿತು.

ಮನೆಗೆ ಬಂದ ಮೇಲೆ ಪಲ್ಲವಿ ತಾನಾಗಿಯೇ ಮಾತಾಡಿದಳು. ಉಳಿದ ಒಂದು ಹಾಳೆಯ ಮೇಲೆ ಅವ್ವನ ಬೆರಳನ್ನು ಛಾಪಿಸಿಕೊಡುತ್ತೇನೆ ಅಂದಳು. ಆಮೇಲೆ ಅವಳ ತಲೆ ಓಡಲು ಶುರುವಾಯಿತು.

"ಆಯಿ, ಮೊಬೈಲಿನ್ಯಾಗ ಈಗ ಮಾರಿನೂ ಮಾಡಿಕೊಡತಾವು. ನಿಂದು, ನಮ್ಮಪ್ಪಂದು ಮಾರಿ ಕೊಟ್ಟರ ಅದರ ಮ್ಯಾಲಿಂದ ನಿಮ್ಮವ್ವ ಹೆಂಗಿದ್ದಳಂತ ಮಾಡತೈತಿ."

"ಯಾವಾಕಿದೋ ಮಾರಿ ತಂದ ನಮ್ಮವ್ವನ ಕುತಗಿಗಿ ಹಚ್ಚಬ್ಯಾಡ."

"ಹಂಗಾರ ಬೆರಳಷ್ಟಽ. ನಿನ್ನ ಕುಬಸದ ಹೆಗಲಿಗಿ ಒತ್ತತೇನಿ. ನಿಮ್ಮವ್ವ ನಿನ್ನ ಹೆಗಲ ಮ್ಯಾಲ ಕೈ ಇಟ್ಟಂಗ ಕಾಣತೈತಿ, ಭಾಳ ಚಂದ."

"ಸುಳ್ಳ ಯಾಕ? ನನ್ನ ಹೆಗಲ ಮ್ಯಾಲ ಕೈ ಇಡಾಕ ಆಕಿಗಿ ಪುರಸೊತ್ತ ಎಲ್ಲಿತ್ತ? ಆಕಿ ಹಿಡದದ್ದ ಅರಿವಿ. ಅರಿವಿ ಅಂಚಿಗಿ ಒತ್ತ."

ಟ್ರಂಕಿನಿಂದ ಹಾಸಿಗೆಯ ಮೇಲೆ ಹಾಸುವ ಬಿಳಿ ಅರಿವೆ ತೆಗೆದು ಕೊಟ್ಟೆ. ಈ ಸಲ ಅವಳು ಎಡಬಲ ತಿರುಗಿಸಿದಳು, ಬೆರಳಿನ ಸುತ್ತ ಅಂಚು ಉಳಿಯದಂತೆ ಸಣ್ಣ ಕತ್ತರಿಯಿಂದ ಕತ್ತರಿಸಿದಳು, ಬಟ್ಟೆಯ ಮೇಲಂಚಿಗೆ ಸರಿಯಾಗಿ ಇಟ್ಟು ಒತ್ತಿದಳು. ಸುಲಿಯುವಾಗ ನಾನು ಹತ್ತಿರ ಬಗ್ಗಿದೆ. ನಾಲ್ಕೂ ಬಂದವು. ಹಚ್ಚೆಯ ಚುಕ್ಕೆಯೂ ಬಂತು. ಚೆನ್ನಾಗಿದೆ ಅಂದೆ. ಅಷ್ಟೇ.

ಒಂದು ಒಗೆತ ತಡೆಯುತ್ತದೋ ಇಲ್ಲವೋ ನೋಡೋಣ ಎಂದು ಮರುವಾರ ಅದನ್ನು ತಣ್ಣೀರಿನಲ್ಲಿ ಹಿಂಡಿ ಹಿತ್ತಲಿನ ತಂತಿಗೆ ಹಾಕಿದ್ದೆ. ಬೆರಳಿನ ಅಂಚು ಮೇಲೆ ಬರುವಂತೆ ಚಿಮಟಿಗೆ ಸಿಕ್ಕಿಸಿದ್ದೆ. ಆ ಹೊತ್ತಿಗೆ ರಾವಸಾಬ ಬಂದ. ಫೋಟೋ ಬೇಕಂತೆ, ದೊಡ್ಡದು ಮಾಡಿಸಿ ಹೊಸ ಮನೆಯ ಹಾಲಿನಲ್ಲಿ ಹಾಕುತ್ತಾನಂತೆ. ಹಿತ್ತಲ ಕಟ್ಟೆಯ ಮೇಲೆ ಕುಳಿತು ಅದನ್ನೇ ಹೇಳುತ್ತಿದ್ದವನು ನಡುವೆ ತಂತಿಯ ಕಡೆ ಕೈ ಮಾಡಿದ.

"ಅತ್ತಿ, ಅರಿವಿ ಹಿಂದ ಯಾರ ನಿಂತಾರ?"

"ನಿಮ್ಮಪ್ಪನ್ನ ಹಡದಾಕಿ."

ನಾನು ನಗುತ್ತೇನೋ ಎಂದು ನನ್ನ ಮುಖ ನೋಡಿದ. ನಾನು ನಗಲಿಲ್ಲ. ಅವನು ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೋಗಿ, ತಂತಿಯ ಮೇಲಿನ ಬಟ್ಟೆಯನ್ನು ಒಂದು ಬದಿಗೆ ಸರಿಸಿ ಹಿಂದೆ ಹೋದ. ಈಚೆಗೆ ಬರಲಿಲ್ಲ.

"ಸಿಕ್ಕಳೇನಲೇ?" ಎಂದು ಕೇಳಿದೆ.

ಬಟ್ಟೆಯ ಅಂಚು ಹಿಡಿದ ಅವನ ಬೆರಳು ಮಾತ್ರ ನನಗೆ ಕಾಣುತ್ತಿದ್ದವು.